ಒಂದೇ ಕಂಪನಿಯ ಸ್ಕೀಯೋ, ಬೆರಕೆಯೋ?

ಹಿಮ ಎಂದರೆ ನಮಗೆ ಗೊತ್ತಿರುವುದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟುವುದಷ್ಟೆ. ಹೀಗಿರುವಾಗ ಹಿಮದ ಮೇಲೆ ಜಾರುವ ಸ್ಕೀಗಳ ವಿಷಯವನ್ನು ತಿಪಟೂರಿನ ಗೃಹಿಣಿಯೊಬ್ಬಳು ಯಾಕೆ ಬರೆಯಬೇಕು ಅಂತ ನೀವು ನಗಬಹುದು. ನಗಿ, ಬೇಜಾರಿಲ್ಲ. ಆದರೆ ಸೋದರಿಯರೇ, ನಮ್ಮದೊಂದು ಬೀದಿಯಲ್ಲೇ ಮೂರು ಮನೆಯ ಮಕ್ಕಳು ಈಗ ಚಳಿದೇಶಗಳಲ್ಲಿದ್ದಾರೆ. ಡಿಸೆಂಬರ್ ಬಂತೆಂದರೆ ಫೋನಿಗೆ ಫೋಟೋ ಬರುತ್ತದೆ. ಬಿಳಿ ಬೆಟ್ಟ, ಬಣ್ಣದ ಕೋಟು, ಕಾಲಿನ ಕೆಳಗೆ ಎರಡು ಉದ್ದನೆಯ ಪಟ್ಟಿ. ನಾವು 'ಚೆನ್ನಾಗಿದೆ ಕಣೇ' ಅಂತ ಬರೆದು ಸುಮ್ಮನಾಗುತ್ತೇವೆ. ಆ ಪಟ್ಟಿ ಕಾಲಿಗೆ ಹೇಗೆ ಕಚ್ಚಿಕೊಂಡಿದೆ, ಬಿದ್ದರೆ ಬಿಡುತ್ತದೆಯೋ ಇಲ್ಲವೋ ಎಂದು ಕೇಳಬೇಕೆಂದು ಹೊಳೆಯುವುದೇ ಇಲ್ಲ. ನನಗೂ ಹೊಳೆದಿರಲಿಲ್ಲ, 2023ರ ಜನವರಿಯಲ್ಲಿ ನನ್ನ ತಂಗಿಯ ಕಾಲು ಮುರಿಯುವವರೆಗೆ.

ತಂಗಿ ಇರುವುದು ಜರ್ಮನಿಯ ಮ್ಯೂನಿಕ್ ನಗರದಲ್ಲಿ. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಊರಿನಿಂದ ರೈಲಿನಲ್ಲಿ ಒಂದು ಗಂಟೆ ಹೋದರೆ ಆಲ್ಪ್ಸ್ ಬೆಟ್ಟಗಳು ಶುರುವಾಗುತ್ತವೆ. ಅಲ್ಲಿ ಮಕ್ಕಳಿಗೆ ಸ್ಕೀ ಕಲಿಸುವುದೆಂದರೆ ನಮ್ಮಲ್ಲಿ ಸೈಕಲ್ ಕಲಿಸಿದ ಹಾಗೆ. ಮಕ್ಕಳು ಕಲಿತರು, ತಂಗಿಯ ಯಜಮಾನರು ಕಲಿತರು, ಕಡೆಗೆ ಮೂವತ್ತೇಳನೆಯ ವಯಸ್ಸಿನಲ್ಲಿ ಇವಳೂ ಕಲಿಯಲು ಹೊರಟಳು. ಮೂರನೆಯ ದಿನ ಬಿದ್ದಳು. ವೇಗವೇನೂ ಇರಲಿಲ್ಲವಂತೆ, ನಮ್ಮ ಬಾವಿಕಟ್ಟೆಯ ಮುಂದೆ ಪಾಚಿ ಮೇಲೆ ಜಾರಿದಷ್ಟೇ. ಆದರೆ ಮೈ ಒಂದು ಕಡೆ ತಿರುಗಿತು, ಪಾದ ಸ್ಕೀಯಲ್ಲೇ ಸಿಕ್ಕಿಕೊಂಡು ಇನ್ನೊಂದು ಕಡೆ ನಿಂತುಬಿಟ್ಟಿತು. ಮಂಡಿಯ ಕೆಳಗಿನ ಮೂಳೆ ಬಟ್ಟೆ ಹಿಂಡಿದ ಹಾಗೆ ತಿರುಚಿ ಮುರಿಯಿತು. ಒಳಗೆ ಸರಳು ಹಾಕಿದರು. ಆಗ ನನ್ನ ಮಗಳಿಗೆ ಎಸ್‌ಎಸ್‌ಎಲ್‌ಸಿ, ನಾನು ಹೋಗುವಂತಿರಲಿಲ್ಲ. ಅವಳ ಅತ್ತೆಯವರೇ ಹೋಗಿ ಬಾಣಂತಿಯ ಹಾಗೆ ನೋಡಿಕೊಂಡರು. ಆ ತಾಯಿಯ ಋಣ ದೊಡ್ಡದು.

ನಾನು ಹೋದದ್ದು ಅದೇ ವರ್ಷ ನವೆಂಬರಿನಲ್ಲಿ. ಹೋಗಿ ನೋಡಿದರೆ ಮಹಾರಾಯಿತಿ ಮತ್ತೆ ಸ್ಕೀ ಕೊಳ್ಳುವ ಮಾತಾಡುತ್ತಿದ್ದಾಳೆ! ನನಗೆ ಕೋಪ ಬಂತೋ ಅಳು ಬಂತೋ ಹೇಳಲಾರೆ.

"ಬೇಡವೇ, ಒಂದು ಸಲ ಅನುಭವಿಸಿದ್ದು ಸಾಲದೇ?" ಅಂದೆ.

"ಮಕ್ಕಳು ಮೇಲೆ ಹೋಗ್ತಾರೆ, ನಾನು ಕೆಳಗೆ ಬ್ಯಾಗು ಕಾಯ್ಕೊಂಡು ಕೂತಿರ್ಬೇಕಾ ಅಕ್ಕಾ?" ಅಂದಳು.

ಈ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ನೀವೂ ಯೋಚಿಸಿ, ಸಂತೆಯಲ್ಲಿ, ಜಾತ್ರೆಯಲ್ಲಿ, ಹೊಳೆಯ ದಂಡೆಯಲ್ಲಿ ಬ್ಯಾಗು ಕಾಯುತ್ತ ಕೂತವರು ಯಾರು?

ಮನೆಯ ಒಳಗೆ ಇನ್ನೊಂದು ಜಗಳ ನಡೆದಿತ್ತು. ಅವರ ಕಟ್ಟಡದ ನೆಲಮಾಳಿಗೆಯಲ್ಲಿ ಪ್ರತಿ ಮನೆಗೂ ಒಂದು ಬೀಗದ ಕೋಣೆಯುಂಟು. ಅದನ್ನು ತೆರೆದು ತೋರಿಸಿದಳು. ಗೋಡೆಗೆ ಒರಗಿಸಿದ ಐದು ಜೊತೆ ಸ್ಕೀ, ಐದೂ ತಂಗಿಯ ಯಜಮಾನರವು, ಐದೂ ಒಂದೇ ಕಂಪನಿಯವು, ಎಲ್ಲದಕ್ಕೂ ಒಂದೇ ಕೆಂಪು ಬಣ್ಣ. ಕೋಲು, ಶಿರಸ್ತ್ರಾಣ, ಚೀಲ ಕೂಡ ಅದೇ ಕೆಂಪು. ನವರಾತ್ರಿಗೆ ಗೊಂಬೆ ಜೋಡಿಸಿದ ಹಾಗೆ ಉದ್ದದ ಪ್ರಕಾರ ಸಾಲಾಗಿ ನಿಲ್ಲಿಸಿದ್ದರು. ಇವಳಿಗೂ ಅದೇ ಕಂಪನಿಯ ಬೂಟು, ಅದೇ ಕಂಪನಿಯ ಸ್ಕೀ ಎಂದು ಅವರ ಹಟ. "ಹೋದ ಸಲ ಬೆರಕೆ ಮಾಡಿದ್ದಕ್ಕೇ ಹೀಗಾಯ್ತು ಅಕ್ಕಾ, ನೀವಾದರೂ ಹೇಳಿ" ಅಂತ ನನಗೇ ಪಂಚಾಯಿತಿ ಒಪ್ಪಿಸಿದರು.

ಇಲ್ಲಿ ಸ್ವಲ್ಪ ನಿಂತು ಸ್ಕೀ ಅಂದರೆ ಏನೆಂದು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಇದರಲ್ಲಿ ಮೂರು ಭಾಗ. ಕೆಳಗೆ ಉದ್ದನೆಯ ಪಟ್ಟಿ, ಅದೇ ಸ್ಕೀ. ಒಳಗೆ ಮರ, ಮೇಲೂ ಕೆಳಗೂ ನಾರು, ಕೆಲವಕ್ಕೆ ಲೋಹದ ಹಾಳೆ, ಅಡಿಯಲ್ಲಿ ನುಣುಪಾದ ಪ್ಲಾಸ್ಟಿಕ್ಕು, ಎರಡು ಅಂಚಿಗೂ ಉಕ್ಕಿನ ಪಟ್ಟಿ. ಎರಡನೆಯದು ಕಾಲಿಗೆ ತೊಡುವ ಬೂಟು, ಇದು ಗಟ್ಟಿ ಪ್ಲಾಸ್ಟಿಕ್ಕಿನದು, ಮೊಣಕಾಲಿನ ಅರ್ಧದವರೆಗೆ ಬರುತ್ತದೆ. ಮೂರನೆಯದು ಇವೆರಡನ್ನೂ ಸೇರಿಸುವ ಬೈಂಡಿಂಗ್. ಸ್ಕೀ ಮೇಲೆ ಬೆರಳಿನ ಕಡೆಗೊಂದು, ಹಿಮ್ಮಡಿ ಕಡೆಗೊಂದು ಸ್ಪ್ರಿಂಗಿನ ಚಿಮಟ ಇರುತ್ತದೆ. ಬೂಟನ್ನು ಒತ್ತಿದರೆ 'ಠಕ್' ಎಂದು ಕಚ್ಚಿಕೊಳ್ಳುತ್ತದೆ. ಅದರ ನಿಜವಾದ ಕೆಲಸ ಕಚ್ಚಿಕೊಳ್ಳುವುದಲ್ಲ, ಬಿಡುವುದು. ಬಿದ್ದಾಗ ಕಾಲಿನ ಮೇಲೆ ಮಿತಿ ಮೀರಿ ತಿರುಚು ಬಿದ್ದರೆ ಬೂಟನ್ನು ಬಿಟ್ಟುಬಿಡಬೇಕು. ನಮ್ಮ ಕುಕ್ಕರಿನ ಸೇಫ್ಟಿ ವಾಲ್ವಿನ ಕೆಲಸವೇ ಇದರದ್ದೂ.

ಹಿಂದೆ ಇದು ಇರಲಿಲ್ಲ. ಚರ್ಮದ ಪಟ್ಟಿಯಲ್ಲೋ ತಂತಿಯಲ್ಲೋ ಕಾಲನ್ನು ಕಟ್ಟಿಬಿಡುತ್ತಿದ್ದರು, ಬಿದ್ದರೆ ಮೂಳೆ ಹೋಯಿತೆಂದೇ ಲೆಕ್ಕ. ಮ್ಯೂನಿಕ್ಕಿಗೆ ಹತ್ತಿರದ ಗಾರ್ಮಿಶ್-ಪಾರ್ಟೆನ್‌ಕಿರ್ಶೆನ್ ಊರಿನಲ್ಲಿ ಹಾನೆಸ್ ಮಾರ್ಕರ್ ಎಂಬಾತ 1952ರಲ್ಲಿ ತಾನಾಗಿ ಬಿಡುವ ಬೈಂಡಿಂಗ್ ಮಾಡುವ ಕಂಪನಿ ತೆರೆದ. ಮಾರ್ಕರ್ ಹೆಸರಿನ ಬೈಂಡಿಂಗ್ ಈಗಲೂ ಇದೆ. ಆಮೇಲಾಮೇಲೆ ಇವು ಸುಧಾರಿಸಿದಂತೆ ಮಂಡಿಯ ಕೆಳಗಿನ ಮೂಳೆ ಮುರಿಯುವುದು ಬಹಳ ಕಡಿಮೆಯಾಯಿತು. ಮಂಡಿಯ ಒಳಗಿನ ಕಟ್ಟುನರ ಹರಿಯುವುದು ಮಾತ್ರ ಹಾಗೆ ಇಳಿಯಲಿಲ್ಲ. ಅದನ್ನು ಬೈಂಡಿಂಗ್ ಪೂರ್ತಿ ತಡೆಯಲಾರದು, ಅದರಲ್ಲೂ ಹೆಂಗಸರಿಗೆ ಆ ಪೆಟ್ಟು ಗಂಡಸರಿಗಿಂತ ಹೆಚ್ಚು. ಇದನ್ನು ಮುಚ್ಚಿಟ್ಟು ನಿಮಗೆ ಧೈರ್ಯ ಹೇಳಲಾರೆ.

ಹಾಗಾದರೆ ತಂಗಿಯ ಮೂಳೆ ಯಾಕೆ ಮುರಿಯಿತು? ಆವತ್ತು ಅವಳ ಕಾಲಲ್ಲಿದ್ದದ್ದು ಪರಿಚಿತರೊಬ್ಬರು ಕೊಟ್ಟ ಬೂಟು, ಒಂದೇ ಚಳಿಗಾಲ ತೊಟ್ಟದ್ದು. ಕೆಳಗಿದ್ದದ್ದು ಯಜಮಾನರ ಮೊದಲನೇ ಸ್ಕೀ, ಹತ್ತು ಹನ್ನೆರಡು ವರ್ಷ ಹಳೆಯದು. ಬೂಟು ಹಿಡಿಯುವುದಕ್ಕೆ ಅವರೇ ಸ್ಕ್ರೂಡ್ರೈವರ್ ತಂದು ಬೈಂಡಿಂಗ್ ಹಿಂದೆಮುಂದೆ ಸರಿಸಿ ಕೂರಿಸಿದ್ದರು. ಕೂತಿತು. ಕೂತ ಮಾತ್ರಕ್ಕೆ ಸರಿಹೋಯಿತೆಂದು ಇಬ್ಬರೂ ತಿಳಿದರು. ಯಾವುದೋ ಕುಕ್ಕರಿಗೆ ಯಾವುದೋ ಗ್ಯಾಸ್ಕೆಟ್ಟನ್ನು ಒತ್ತಿ ಕೂರಿಸಿ 'ಹಿಡೀತು' ಅನ್ನುತ್ತೇವಲ್ಲ, ಹಾಗೆ.

ಯಜಮಾನರ ವಾದವನ್ನು ತಳ್ಳಿಹಾಕುವಂತಿರಲಿಲ್ಲ. ಒಂದೇ ಕಂಪನಿಯ ಸ್ಕೀಯಾದರೆ ಒಂದರಿಂದ ಇನ್ನೊಂದಕ್ಕೆ ಹೋದಾಗ ಕಾಲಿಗೆ ಪರಿಚಯದ ಹಾಗಿರುತ್ತದೆ, ತಿರುಗುವ ರೀತಿ ಒಂದೇ ಬಗೆ. ಬೈಂಡಿಂಗ್ ಒಂದೇ ಜಾತಿಯದಾದರೆ ಗಂಡ ಹೆಂಡತಿ ಬೂಟಿಗೆ ಬೇರೆ ಬೇರೆ ಲೆಕ್ಕ ನೆನಪಿಡಬೇಕಿಲ್ಲ. ಚಳಿಗಾಲ ಮುಗಿಯುವಾಗ ಹಾಕುವ ರಿಯಾಯಿತಿಯಲ್ಲಿ ಸೆಟ್ಟು ಸಮೇತ ಸಿಗುತ್ತದೆ. ಮಾರುವಾಗಲೂ ಜೋಡಿ ಸಾಮಾನಿಗೆ ಬೆಲೆ. ಜೊತೆಗೆ ನೋಡಲು ಚೆಂದ, ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಆ ಕೆಂಪು ಸಾಲಿನ ಮುಂದೆ ನಿಂತಾಗ ಅವರ ಮುಖ ನೋಡಬೇಕಿತ್ತು. ನಮ್ಮತ್ತೆಯವರು ಸ್ಟೀಲ್ ಡಬ್ಬಿಗಳ ಮುಂದೆ ನಿಲ್ಲುತ್ತಿದ್ದುದು ನೆನಪಾಯಿತು.

ತಂಗಿಯದು ಒಂದೇ ಮಾತು. "ನನ್ನ ಪಾದಕ್ಕೆ ಯಾವುದು ಹಿಡಿಸುತ್ತೋ ಅದು."

ಶನಿವಾರ ಮೂವರೂ ಅಂಗಡಿಗೆ ಹೋದೆವು. ನಿಜ ಹೇಳಬೇಕೆಂದರೆ ನಾನು ಹೋದದ್ದು ಹೇಗಾದರೂ ಮಾಡಿ ಕೊಳ್ಳುವುದನ್ನು ತಪ್ಪಿಸಲು. ಬೈಂಡಿಂಗ್ ಸಮೇತ ಸ್ಕೀಗೆ 400ರಿಂದ 700 ಯೂರೋವರೆಗೆ ಚೀಟಿ ಅಂಟಿಸಿದ್ದರು. ಬೂಟಿಗೆ 300ರ ಮೇಲೆ. ನಮ್ಮ ರೂಪಾಯಿಗೆ ತಿರುಗಿಸಿ ನೋಡಿ ಎದೆ ಧಸಕ್ಕೆಂದಿತು. ಅಲ್ಲಿ ಬೂಟು ತೊಡಿಸುವವರು ಐವತ್ತು ದಾಟಿದ ಒಬ್ಬ ಹೆಂಗಸು. ಅವರು ಮೊದಲು ಕೇಳಿದ್ದು ಕಂಪನಿಯ ಹೆಸರನ್ನಲ್ಲ, ತಂಗಿಯ ಕಾಲ್ಚೀಲ ಬಿಚ್ಚಿಸಿ ಪಾದ ಅಳೆದರು. ನಿಂತು ಒಂದು ಅಳತೆ, ಕೂತು ಒಂದು ಅಳತೆ, ಉದ್ದ, ಅಗಲ, ಮೇಲುಪಾದದ ಎತ್ತರ, ಮೀನಖಂಡದ ಸುತ್ತಳತೆ. ರವಿಕೆ ಹೊಲಿಯುವವಳು ಕೂಡ ಇಷ್ಟು ಅಳೆಯುವುದಿಲ್ಲ.

ಮೊದಲು ಬೂಟು, ಆಮೇಲೆ ಉಳಿದದ್ದು ಎಂಬುದೇ ಆ ಹೆಂಗಸಿನ ಮಂತ್ರ. ಸ್ಕೀ ಬೂಟಿನ ನಂಬರು ನಮ್ಮ ಚಪ್ಪಲಿಯ ನಂಬರಲ್ಲ, ಪಾದದ ಉದ್ದವನ್ನು ಸೆಂಟಿಮೀಟರಿನಲ್ಲಿ ಹೇಳುವುದು. ತಂಗಿಯದು 24. ಅಗಲವನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ: 98 ಎಂದರೆ ಬಡಕಲು ಪಾದಕ್ಕೆ, 100 ಮಧ್ಯಮ, 102ರ ಮೇಲೆ ಅಗಲ ಪಾದಕ್ಕೆ. ಚಿಕ್ಕಂದಿನಿಂದ ಬರಿಗಾಲಲ್ಲಿ, ಹವಾಯಿ ಚಪ್ಪಲಿಯಲ್ಲಿ ಓಡಾಡಿ ಬೆಳೆದ ಪಾದ ನಮ್ಮದು, ಬೆರಳು ಬಿಚ್ಚಿಕೊಂಡಿರುತ್ತವೆ. ಯಜಮಾನರ ಕೆಂಪು ಕಂಪನಿಯ ಬೂಟು ತೊಡಿಸಿದರು, ಎರಡು ನಿಮಿಷಕ್ಕೆ ತಂಗಿಯ ಮುಖ ಹುಣಿಸೇಹಣ್ಣು ತಿಂದಂತಾಯಿತು. "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ" ಅಂದರು ಇವರು. ಅಂಗಡಿಯ ಹೆಂಗಸು ತಲೆಯಾಡಿಸಿದರು. ಒಳಗಿನ ಮೆತ್ತೆ ಸಡಿಲವಾಗಬಹುದು, ಹೊರಗಿನ ಚಿಪ್ಪು ಆಗುವುದಿಲ್ಲ. ಮೆತ್ತೆ ತೆಗೆದು ಬರಿಯ ಚಿಪ್ಪಿನಲ್ಲಿ ಪಾದ ಇಡಿಸಿ, ಬೆರಳು ಮುಂದೆ ತಾಗುವಂತೆ ನಿಲ್ಲಿಸಿ, ಹಿಮ್ಮಡಿಯ ಹಿಂದೆ ಎಷ್ಟು ಜಾಗ ಉಳಿಯುತ್ತದೆಂದು ಬೆರಳು ತೂರಿಸಿ ನೋಡಿದರು. ಒಂದು, ಒಂದೂವರೆ ಬೆರಳು ಹಿಡಿದರೆ ಸರಿಯಂತೆ. ಹೆಚ್ಚಾದರೆ ಪಾದ ಒಳಗೆ ಅಲ್ಲಾಡುತ್ತದೆ, ಸ್ಕೀ ಮಾತು ಕೇಳುವುದಿಲ್ಲ.

ಬೂಟಿನ ಬಿಗುವಿಗೂ ಒಂದು ಅಂಕಿ ಉಂಟು. ಕಲಿಯುವ ಹೆಂಗಸರಿಗೆ 60ರಿಂದ 80, ನುರಿತವರಿಗೆ 110, 120, ಹೀಗೆ. ನಾನು ದೊಡ್ಡ ಪತ್ತೇದಾರಿಣಿಯ ಹಾಗೆ ಚೀಟಿ ಓದಿ, "ಇದೂ 80, ಅದೂ 80, ಅಗ್ಗದ್ದೇ ತಗೋ" ಅಂದೆ. ಹಾಗಲ್ಲವಂತೆ! ಈ ಅಂಕಿಗೆ ಎಲ್ಲರೂ ಒಪ್ಪಿದ ಅಳತೆಯಿಲ್ಲ. ಒಂದು ಕಂಪನಿಯ 80 ಇನ್ನೊಂದರ 90ರಷ್ಟು ಬಿಗಿ ಇರಬಹುದು. ಖಾರದಪುಡಿಯ ಹಾಗೆ, ಒಂದು ಚಮಚ ಎಂದರೆ ಯಾರ ಮನೆಯ ಪುಡಿ ಎಂದು ಕೇಳಬೇಕು. ಕಡೆಗೆ ಆರನೆಯದೋ ಏಳನೆಯದೋ ಜೊತೆ ಹಿಡಿಸಿತು, ಅಗಲ 102. ಹೆಂಗಸರ ಮೀನಖಂಡ ಗಂಡಸರಿಗಿಂತ ಕೆಳಗೆ ಇಳಿದಿರುವುದರಿಂದ ಮೇಲಂಚು ತಗ್ಗಾಗಿರುವ ಬೂಟೇ ಬೇಕೆಂದು ಆ ಹೆಂಗಸು ಹುಡುಕಿ ತಂದದ್ದು. ಅದು ಕೆಂಪು ಕಂಪನಿಯದಾಗಿರಲಿಲ್ಲ. ಹಾಗೆಂದು ಕೆಂಪು ಕಂಪನಿಯಲ್ಲಿ ಅಗಲದ ಬೂಟಿಲ್ಲ ಎಂದಲ್ಲ, ಈಗ ಎಲ್ಲರೂ ಅಗಲ ಕಿರಿದು ಎರಡೂ ಮಾಡುತ್ತಾರೆ. ಆದರೆ ಮೇಲುಪಾದ, ಹಿಮ್ಮಡಿ, ಹರಡು ಎಲ್ಲ ಕೂಡಿ ಹಿಡಿಸಬೇಕಲ್ಲ.

ಇಲ್ಲಿಗೆ ಯಜಮಾನರ ಸೆಟ್ಟು ಮುರಿಯಿತು. ಮುಖ ಸಣ್ಣದಾಯಿತು. "ಹಾಗಾದರೆ ಬೇರೆ ಕಂಪನಿ ಬೂಟು, ನಮ್ಮ ಕಂಪನಿ ಬೈಂಡಿಂಗ್, ಮತ್ತೆ ಹೋದ ಸಲದ ಕಥೇನೇ" ಅಂದರು. ನನ್ನ ಮನಸ್ಸಿನಲ್ಲಿದ್ದದ್ದೂ ಅದೇ ಭಯ.

ಆಗ ಆ ಹೆಂಗಸು ಬೂಟನ್ನು ಮಗುಚಿ ಹಾಕಿ ತೋರಿಸಿದ್ದೇ ಈ ಲೇಖನದ ತಿರುಳು. ಬೂಟಿನ ಅಡಿಗೂ ಬೈಂಡಿಂಗಿಗೂ ಹೊಂದಿಕೆ ಆಗುವುದು ಕಂಪನಿಯ ಹೆಸರಿನಿಂದಲ್ಲ, ಅಟ್ಟೆಯ ಜಾತಿಯಿಂದ. ನಮ್ಮ ಐಎಸ್‌ಐ ಗುರುತಿನ ಹಾಗೆ ಇದಕ್ಕೂ ಜಗತ್ತಿಗೆಲ್ಲ ಒಂದು ಅಳತೆ ಇಟ್ಟಿದ್ದಾರೆ. ಚಪ್ಪಟೆ ಅಟ್ಟೆಯ ಮಾಮೂಲು ಬೂಟು ಒಂದು ಜಾತಿ, ಅದರ ಅಳತೆಯ ಹೆಸರು ಐಎಸ್‌ಒ 5355. ಆ ಜಾತಿಯ ಬೂಟು ಯಾವ ಕಂಪನಿಯದಾದರೂ ಆ ಜಾತಿಗೆ ಮಾಡಿದ ಯಾವ ಕಂಪನಿಯ ಬೈಂಡಿಂಗಿಗೂ ಕೂರುತ್ತದೆ. ಇತ್ತೀಚೆಗೆ ಗ್ರಿಪ್‌ವಾಕ್ ಎಂಬ ಅಟ್ಟೆ ಬಂದಿದೆ, ನಡೆಯಲು ಅನುಕೂಲವಾಗಲೆಂದು ಬೆರಳಿನ ಕಡೆ ಸ್ವಲ್ಪ ಬಾಗಿಸಿ ರಬ್ಬರು ಹಾಕಿರುತ್ತಾರೆ. ಇದಕ್ಕೆ ಅದೇ ಹೆಸರು ಬರೆದಿರುವ ಬೈಂಡಿಂಗೇ ಬೇಕು, ಹಳೆಯ ಚಪ್ಪಟೆ ಅಟ್ಟೆಯ ಬೈಂಡಿಂಗ್ ಸಲ್ಲದು. ಬೆಟ್ಟವನ್ನು ನಡೆದೇ ಹತ್ತುವವರ ಬೂಟು ಮತ್ತೊಂದು ಜಾತಿ. ನೋಡುವ ಕಣ್ಣಿಗೆ ಮೂರೂ ಹೆಚ್ಚುಕಡಿಮೆ ಒಂದೇ.

ತಂಗಿ ಆವತ್ತು ತೊಟ್ಟ ಬೂಟು ಹೊಸ ಬಾಗಿದ ಅಟ್ಟೆಯದು. ಯಜಮಾನರ ಬೈಂಡಿಂಗ್ ಹಳೆಯ ಚಪ್ಪಟೆ ಅಟ್ಟೆಯದು. ಮೇಲಾಗಿ ಸ್ಪ್ರಿಂಗು ಎಷ್ಟಕ್ಕೆ ಬಿಡಬೇಕೆಂಬ ಮುಳ್ಳು ಯಜಮಾನರ ತೂಕಕ್ಕೇ ನಿಂತಿತ್ತು! ಅವರದು 6, ಇವಳದು 4ರ ಆಸುಪಾಸು ಇರಬೇಕಿತ್ತು. ಅಂಗಡಿಯಲ್ಲಿ ಆ ಲೆಕ್ಕ ಹಾಕುವುದನ್ನು ನಾನೇ ನೋಡಿದೆ. ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಎಷ್ಟು ಜೋರಾಗಿ ಜಾರುವ ಪೈಕಿ ಎಂಬುದು, ಇವಿಷ್ಟನ್ನೂ ಪಟ್ಟಿಯಲ್ಲಿ ಹುಡುಕಿದರೆ ಒಂದು ಅಂಕಿ ಬರುತ್ತದೆ. ಜರ್ಮನಿಯವರು ಅದನ್ನು ಜೆಡ್ ಅಂಕಿ ಅನ್ನುತ್ತಾರೆ. ಐವತ್ತು ದಾಟಿದವರಿಗೂ ಚಿಕ್ಕ ಮಕ್ಕಳಿಗೂ ಒಂದು ಮೆಟ್ಟಿಲು ಇಳಿಸುತ್ತಾರೆ. ಆಮೇಲೆ ಬೂಟನ್ನು ಕಚ್ಚಿಸಿ ಒಂದು ಯಂತ್ರದಲ್ಲಿ ತಿರುಚಿ, ನಿಜವಾಗಿ ಅಷ್ಟಕ್ಕೇ ಬಿಡುತ್ತದೆಯೇ ಎಂದು ಪರೀಕ್ಷೆ ಮಾಡಿ ಚೀಟಿ ಕೊಡುತ್ತಾರೆ. ತೂಕ ಇಳಿದರೂ ಏರಿದರೂ, ಬೂಟು ಬದಲಾದರೂ ಈ ಅಂಕಿಯನ್ನು ಮತ್ತೆ ಲೆಕ್ಕ ಹಾಕಿಸಬೇಕು. ಬಹಳ ಹಳೆಯ ಬೈಂಡಿಂಗ್ ಒಯ್ದರೆ ಅನೇಕ ಅಂಗಡಿಯವರು ಮುಟ್ಟುವುದೇ ಇಲ್ಲ.

ಬೆರಕೆಯಿಂದ ಕಾಲು ಮುರಿಯಿತು ಎನ್ನುತ್ತಿದ್ದವರು ಸುಮ್ಮನಾದರು. ಒಂದೇ ಕಂಪನಿಯ ಬೂಟಾಗಿದ್ದರೂ ಆ ಹಳೆಯ ಬೈಂಡಿಂಗಿಗೆ, ಆ ಅಂಕಿಗೆ, ಅದೇ ಗತಿಯಾಗುತ್ತಿತ್ತು. ಆ ಸಂಜೆ ಅವರು ಊಟ ಸರಿಯಾಗಿ ಮಾಡಲಿಲ್ಲ. ಸ್ಕ್ರೂಡ್ರೈವರ್ ಹಿಡಿದ ಕೈ ತಮ್ಮದಲ್ಲವೇ! ತಂಗಿ ಅವರ ತಟ್ಟೆಗೆ ಇನ್ನೊಂದು ಚಪಾತಿ ಹಾಕಿದಳು, ಅಷ್ಟೇ, ಮಾತಾಡಲಿಲ್ಲ. ನಾನೂ ಎದ್ದು ಒಳಗೆ ಹೋದೆ.

ಅಂದಹಾಗೆ 'ಒಂದೇ ಕಂಪನಿ' ಅನ್ನುವುದೇ ಎಷ್ಟೋ ಸಲ ನಮ್ಮ ಭ್ರಮೆ. ಆಸ್ಟ್ರಿಯಾದ ಆಲ್ಟೆನ್‌ಮಾರ್ಕ್ಟ್ ಎಂಬಲ್ಲಿರುವ ಆಟಾಮಿಕ್ ಕಾರ್ಖಾನೆಯಿಂದಲೇ ಸಾಲೊಮನ್ ಸ್ಕೀಗಳೂ ಹೊರಬರುತ್ತವೆ, ಎರಡೂ ಆಮರ್ ಸ್ಪೋರ್ಟ್ಸ್ ಎಂಬ ಒಂದೇ ಮನೆತನಕ್ಕೆ ಸೇರಿದವು. ರೊಸಿನ್ಯೋಲ್, ಡೈನಾಸ್ಟಾರ್ ಸ್ಕೀಗಳು, ಲಾಂಜ್ ಬೂಟು, ಲುಕ್ ಬೈಂಡಿಂಗ್ ಇವೆಲ್ಲ ಫ್ರಾನ್ಸಿನ ಒಂದೇ ಮನೆಯವು. ಹೆಡ್ ಕಂಪನಿಯ ಬೈಂಡಿಂಗ್ ಎಂದರೆ ಟಿರೋಲಿಯಾ. ಫಿಶರ್ ಹೆಸರು ಹೊತ್ತ ಬೈಂಡಿಂಗನ್ನೂ ಟಿರೋಲಿಯಾದವರೇ ಮಾಡಿಕೊಟ್ಟಿರುತ್ತಾರೆ. ಒಂದೇ ಮಗ್ಗದ ಸೀರೆಗೆ ಎರಡು ಅಂಗಡಿಯವರು ತಮ್ಮ ತಮ್ಮ ಚೀಟಿ ಅಂಟಿಸಿ ಮಾರುವುದಿಲ್ಲವೇ? ಯಜಮಾನರು ಒಂದೇ ಜಾತಿಯೆಂದು ನಂಬಿದ್ದ ಅವರ ಸೆಟ್ಟಿನಲ್ಲೂ ಎರಡು ಮನೆಯ ಸಾಮಾನಿತ್ತು.

ಈ ಒಂದೇ ಕಂಪನಿಯ ಹುಚ್ಚು ಎಲ್ಲಿಂದ ಬಂತು? ಟಿ.ವಿ.ಯಲ್ಲಿ ಪಂದ್ಯ ಹಾಕಿದಾಗ ನನಗೆ ಗೊತ್ತಾಯಿತು. ಗೆದ್ದವರು ಕ್ಯಾಮೆರಾ ಮುಂದೆ ಮೊದಲು ಎತ್ತಿ ಹಿಡಿಯುವುದು ಸ್ಕೀಯನ್ನು, ಹೆಸರು ಕಾಣುವ ಹಾಗೆ. ಅಮೆರಿಕದ ಮಿಕೇಲಾ ಶಿಫ್ರಿನ್ ಗೆದ್ದಾಗೆಲ್ಲ ಅವರ ಕೈಯಲ್ಲಿ ಆಟಾಮಿಕ್. ಅದು ಕರಾರು, ಹೊಟ್ಟೆಪಾಡು. ಅಲ್ಲದೆ ಅವರ ಜೊತೆಗೆ ಕಂಪನಿಯ ಕೆಲಸಗಾರರೇ ಬಂದು ಅಂಚು ಮಸೆದು, ಮೇಣ ಹಚ್ಚಿ, ಹತ್ತಾರು ಜೊತೆಯಲ್ಲಿ ಆವತ್ತಿನ ಹಿಮಕ್ಕೆ ಹೊಂದುವುದನ್ನು ಆರಿಸಿ ಕೊಡುತ್ತಾರೆ. ನಮ್ಮ ಮಕ್ಕಳಿಗೆ ಅದನ್ನೆಲ್ಲ ಯಾರು ಮಾಡಿಕೊಡುತ್ತಾರೆ?

ಇನ್ನು ಸ್ಕೀ ಆರಿಸುವ ಮಾತು. ಇಲ್ಲಿ ಮುಖ್ಯ ಎಲ್ಲಿ ಜಾರುತ್ತೀರಿ ಎಂಬುದು. ಸ್ಕೀಯ ನಡು ಎಷ್ಟು ಅಗಲವೆಂದು ಮಿಲಿಮೀಟರಿನಲ್ಲಿ ಬರೆದಿರುತ್ತದೆ. 65, 66 ಇದ್ದರೆ ಚುರುಕಾಗಿ ಅತ್ತ ಇತ್ತ ತಿರುಗುವ ಪಂದ್ಯದ ಬಗೆ. 70ರಿಂದ 80 ಅಚ್ಚುಕಟ್ಟಾಗಿ ತಟ್ಟಿದ ಇಳಿಜಾರಿಗೆ. 85, 90 ಆದರೆ ಎಲ್ಲಕ್ಕೂ ಸ್ವಲ್ಪ ಸ್ವಲ್ಪ. 105ರ ಮೇಲಾದರೆ ಆಳವಾದ ಹಸಿ ಹಿಮಕ್ಕೆ, ಮುಳುಗದೆ ತೇಲಲಿ ಎಂದು. ಯಜಮಾನರ ಐದರಲ್ಲಿ ಒಂದು 66, ಎರಡು ಬಹುಪಾಲು ಒಂದೇ ಬಗೆಯ 76, 78, ಒಂದು 88, ಒಂದು 108. ಕೊನೆಯದನ್ನು ನಾಲ್ಕು ವರ್ಷದಲ್ಲಿ ಎರಡು ಸಲ ಹಾಕಿದ್ದಾರೆ, ಎರಡು ಸಲವೂ ಬೈದುಕೊಂಡೇ ಬಂದಿದ್ದಾರೆ. ಅವರಿಗೆ ಹಿಡಿಸದೆ ಹೋದರೂ ಬಣ್ಣ ಹೊಂದಿತಲ್ಲ ಎಂದು ಕೊಂಡದ್ದು. ಒಂದೇ ಕಂಪನಿಯಲ್ಲಿ ಎಲ್ಲ ಬಗೆಯೂ ಸಮನಾಗಿ ಚೆನ್ನಾಗಿರಬೇಕೆಂದೇನಿಲ್ಲ. ಬೆರಕೆ ಸೊಪ್ಪಿನ ಸಾರಿಗೆ ಯಾರಾದರೂ ಒಂದೇ ಮಡಿಯ ಸೊಪ್ಪು ಕೀಳುತ್ತಾರೆಯೇ?

ನನ್ನ ಸಣ್ಣ ಬುದ್ಧಿಗೆ ತೋಚಿದ್ದು, ಮನೆಗೆ ಒಬ್ಬರಿಗೆ ಒಂದು ಜೊತೆ, ತೀರಾ ಆಸೆಯಾದರೆ ಎರಡು. ಎರಡನೆಯದು ಮೊದಲನೆಯದಕ್ಕಿಂತ ಬೇರೆ ಕೆಲಸದ್ದಾಗಿರಲಿ, ಯಾವ ಕಂಪನಿಯದಾದರೂ ಆಗಲಿ. ಬೈಂಡಿಂಗ್ ಮಾತ್ರ ಅದೇ ಬೂಟಿನ ಜಾತಿಗೆ ಸೇರಿರಲಿ. ವರ್ಷಕ್ಕೊಮ್ಮೆ ಬೀಳುವ ಆಳ ಹಿಮಕ್ಕೆ ಬಾಡಿಗೆ ಸ್ಕೀ ಸಿಗುತ್ತದೆ. ಬೆಳೆಯುವ ಮಕ್ಕಳಿಗಂತೂ ಕೊಳ್ಳುವುದೇ ದಂಡ. ಅಲ್ಲಿನ ಅನೇಕ ಅಂಗಡಿಗಳು ಚಳಿಗಾಲದ ಮೊದಲಲ್ಲಿ ಇಡೀ ಕಾಲಕ್ಕೆ ಬಾಡಿಗೆಗೆ ಕೊಡುತ್ತವೆ, ಮಕ್ಕಳ ಸ್ಕೀಯನ್ನು ತಂಗಿ ಹಾಗೇ ತರುತ್ತಾಳೆ.

ಕೊಳ್ಳುವಾಗ ಇನ್ನೊಂದು ಸೂಕ್ಷ್ಮ ಉಂಟು. ಕೆಲವು ಸ್ಕೀಗಳ ಮೇಲೆ ಕಾರ್ಖಾನೆಯಲ್ಲೇ ಹಳಿಯಂಥ ಪಟ್ಟಿ ಕೂರಿಸಿರುತ್ತಾರೆ. ಅದಕ್ಕೆ ಅದೇ ಮನೆಯ ಬೈಂಡಿಂಗೇ ಹಿಡಿಯುವುದು, ಬೇರೆಯದು ಹೋಗದು. ಇಲ್ಲಿ ಒಂದೇ ಕಂಪನಿ ಎಂಬುದು ಕಡ್ಡಾಯ. ಬೋಳು ಸ್ಕೀಯಾದರೆ ಯಾವ ಬೈಂಡಿಂಗನ್ನಾದರೂ ತಿರುಪು ಹಾಕಿ ಕೂರಿಸಬಹುದು, ಅದರ ಬ್ರೇಕಿನ ಕಡ್ಡಿಗಳು ಮಾತ್ರ ಸ್ಕೀಯ ಅಗಲಕ್ಕೆ ಹೊಂದಬೇಕು. ಬೂಟು ಬಿಚ್ಚಿಕೊಂಡಾಗ ಸ್ಕೀ ಓಡಿಹೋಗಿ ಕೆಳಗಿನವರಿಗೆ ಬಡಿಯದಂತೆ ಹಿಮಕ್ಕೆ ಊರಿ ನಿಲ್ಲಿಸುವುದು ಆ ಕಡ್ಡಿಗಳೇ. ಮತ್ತೆ ಕೋಲು, ಕನ್ನಡಕ, ಕೈಚೀಲಗಳಿಗೆ ಕಂಪನಿ ನೋಡುವುದು ಬರಿಯ ಶೋಕಿ. ಕೋಲನ್ನು ತಲೆಕೆಳಗು ಮಾಡಿ ಚಕ್ರದ ಕೆಳಗೆ ಹಿಡಿದು ನಿಂತಾಗ ಮೊಣಕೈ ನೇರ ಮೂಲೆಗೆ ಬಂದರೆ ಉದ್ದ ಸರಿ. ಶಿರಸ್ತ್ರಾಣಕ್ಕೂ ಕಂಪನಿ ಮುಖ್ಯವಲ್ಲ, ತಲೆಗೆ ಹಿಡಿಸಬೇಕು.

ತಂಗಿ ಕಡೆಗೆ ಕೊಂಡದ್ದು ಒಂದೇ ಜೊತೆ. ನಡು 72, ನಿಲ್ಲಿಸಿದರೆ ಅವಳ ಗದ್ದಕ್ಕಿಂತ ಚೂರು ಎತ್ತರ, ಹೋದ ವರ್ಷದ ಮಾದರಿಯಾದ್ದರಿಂದ ಬೆಲೆ ಇಳಿಸಿದ್ದರು. ಬಣ್ಣ ಯಜಮಾನರಿಗೆ ಹಿಡಿಸದ ತಿಳಿನೀಲಿ. ಅಲ್ಲೇ ಜೆಡ್ ಅಂಕಿ ಹಾಕಿಸಿ ಚೀಟಿ ತಂದಳು. ಯಜಮಾನರು 78ರ ಜೊತೆಯನ್ನೂ 108ನ್ನೂ ಮಾರಿದರು. ಆ ಹಳೆಯ ಮೊದಲನೇ ಜೊತೆಯನ್ನು ಯಾರಿಗೂ ಕೊಡಲಿಲ್ಲ, ಇನ್ನೊಬ್ಬರ ಕಾಲಿಗೆ ಹೋಗದಿರಲಿ ಎಂದು ಬೈಂಡಿಂಗ್ ಕಿತ್ತು ಗುಜರಿಗೆ ಹಾಕಿದರು.

ಮನೆಗೆ ಬಂದ ಮೇಲೆ ಆರೈಕೆ ನಮ್ಮ ಕೈಯ ಕೆಲಸ. ಅಂಚು ಉಕ್ಕಿನದು, ಒದ್ದೆ ಬಿಟ್ಟರೆ ಕಬ್ಬಿಣದ ಕಾವಲಿಯ ಹಾಗೆ ತುಕ್ಕು ಹಿಡಿಯುತ್ತದೆ. ಜಾರಿ ಬಂದ ದಿನವೇ ಬಟ್ಟೆಯಲ್ಲಿ ಒರೆಸಿ ಇಡಬೇಕು. ಬೇಸಗೆಗೆ ಎತ್ತಿಡುವಾಗ ಅಡಿಗೂ ಅಂಚಿಗೂ ಮೇಣ ದಪ್ಪಗೆ ಬಳಿಯಬೇಕು. ಬೂಟಿನ ಮೆತ್ತೆ ಒಣಗಿಸಿ, ಕೊಂಡಿಗಳನ್ನು ಸಡಿಲವಾಗಿ ಹಾಕಿಟ್ಟರೆ ಚಿಪ್ಪು ಸೊಟ್ಟಗಾಗದು. ತಂಗಿಗೆ ಈ ಕೆಲಸ ಹೇಳಿಕೊಡಬೇಕಾಗಿರಲಿಲ್ಲ. ಯಜಮಾನರಿಗೆ ಹೇಳಬೇಕಾಯಿತು.

ಚಳಿದೇಶದಲ್ಲಿ ಮಕ್ಕಳಿಲ್ಲದವರಿಗೆ ಇದೆಲ್ಲ ಯಾಕೆ ಅನ್ನಬೇಡಿ. ನಮ್ಮ ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿಗೆ ಹೋಗುವ ಕನ್ನಡಿಗರು ಈಗ ಎಷ್ಟೊಂದು ಜನ! ಅಲ್ಲಿ ಬಾಡಿಗೆ ಸ್ಕೀ ಕೊಡುವಾಗ ಬೂಟಿನ ನಂಬರು ಕೇಳಿ ಕೈಗಿತ್ತುಬಿಟ್ಟರೆ ನಿಲ್ಲಿ. ನಿಮ್ಮ ತೂಕ, ಎತ್ತರ, ವಯಸ್ಸು ಹೇಳಿ, ಅದಕ್ಕೆ ಸರಿಯಾಗಿ ಮುಳ್ಳು ತಿರುಗಿಸಿ ಕೊಡಿ ಎಂದು ಕೇಳಿ. ಹಿಂದೆ ಅದನ್ನು ತೊಟ್ಟವನು 90 ಕಿಲೋದ ಗಂಡಸಾಗಿರಬಹುದು. ಕೇಳುವುದಕ್ಕೆ ನಾಚಿಕೆ ಬೇಡ, ತರಕಾರಿಯವನ ತಕ್ಕಡಿ ನೋಡುವುದಿಲ್ಲವೇ ನಾವು?

ನಾನು ಊರಿಗೆ ವಾಪಸು ಬಂದ ಮುಂದಿನ ತಿಂಗಳು, 2024ರ ಫೆಬ್ರವರಿಯಲ್ಲಿ, ಅದೇ ಗುಲ್ಮಾರ್ಗಿನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ ನಮ್ಮ ಕೊಡಗಿನ ತೆಕ್ಕಡ ಭವಾನಿ ನಂಜುಂಡ ಚಿನ್ನ ಗೆದ್ದ ಸುದ್ದಿ ನೋಡಿ ಹಿಗ್ಗಿದೆ. ಅವರದು ನಾರ್ಡಿಕ್ ಸ್ಕೀ, ಹಿಮದ ಮೇಲೆ ಉದ್ದಕ್ಕೆ ಓಡುವ ಬಗೆ. ಅದರಲ್ಲಿ ಬೆರಳಿನ ಕಡೆ ಮಾತ್ರ ಕಚ್ಚಿರುತ್ತದೆ, ಹಿಮ್ಮಡಿ ಎದ್ದೇಳುತ್ತದೆ. ಅಲ್ಲಿಯೂ ಅಟ್ಟೆ, ಬೈಂಡಿಂಗ್ ಒಂದೇ ಪದ್ಧತಿಯದಾಗಿರಬೇಕು. ಮೊದಲಾಗಿದ್ದರೆ ಆ ಫೋಟೋದಲ್ಲಿ ಪದಕ ಮಾತ್ರ ನೋಡುತ್ತಿದ್ದೆ. ಈಗ ಕಣ್ಣು ಮೊದಲು ಕಾಲಿಗೆ ಹೋಯಿತು.

ನಾನು ಮ್ಯೂನಿಕ್ಕಿನಿಂದ ಹೊರಡುವ ಹಿಂದಿನ ಭಾನುವಾರ ಎಲ್ಲರೂ ರೈಲು ಹತ್ತಿ ಲೆಂಗ್‌ಗ್ರೀಸ್ ಎಂಬ ಊರಿಗೆ ಹೋದೆವು. ಕಲಿಯುವವರ ಇಳಿಜಾರು ಬೆಟ್ಟದ ಬುಡದಲ್ಲೇ ಇದೆ. ನಾನು ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಚಿತ್ರಾನ್ನ ಹಿಡಿದು ಬೇಲಿಯ ಪಕ್ಕ ನಿಂತೆ. ಬೇಡವೆಂದವಳೂ ನಾನೇ, ಬ್ಯಾಗು ಕಾಯುವವಳೂ ನಾನೇ! ತಂಗಿ ಎರಡು ಸಲ ಚೆನ್ನಾಗಿ ಇಳಿದಳು. ಮೂರನೆಯ ಸಲ ಯಾರೋ ಪುಟ್ಟ ಹುಡುಗ ಅಡ್ಡ ಬಂದ. ಇವಳು ತಿರುಗಿಸಲು ಹೋಗಿ ಮೈ ಒಂದು ಕಡೆ, ಕಾಲು ಒಂದು ಕಡೆ ಆಯಿತು. ಅದೇ ಬಗೆಯ ಬೀಳು. ನನ್ನ ಕೈಯಿಂದ ಡಬ್ಬಿ ಬಿತ್ತು.

'ಠಕ್' ಅಂತ ಸದ್ದು ಕೇಳಿತು. ನೀಲಿ ಸ್ಕೀ ಕಾಲು ಬಿಟ್ಟು ಎರಡು ಮಾರು ಜಾರಿ, ಕಡ್ಡಿ ಊರಿ ನಿಂತಿತು. ಯಜಮಾನರು ಮೇಲಿನಿಂದ ಓಡಿಬರುತ್ತಿದ್ದರು. ಅವಳು ಹಿಮದಲ್ಲಿ ಕೂತುಕೊಂಡೇ ಕಾಲನ್ನು ಒಂದು ಸಲ ಮಡಿಸಿದಳು, ಚಾಚಿದಳು, ಆಮೇಲೆ ನನ್ನ ಕಡೆ ತಿರುಗಿ ಕೂಗಿದಳು.

"ಬಿಡ್ತು ಅಕ್ಕಾ, ಬಿಡ್ತು!"